ಬಾರಾಪೇಡೆ ಗುಹೆಗೂ ಒಬ್ಬ ಕಥೆಗಾರ ಬೇಕು

ಕನ್ನಡ ಕಿರುತೆರೆಯಲ್ಲಿ ವೈಜ್ಞಾನಿಕ ಕಥೆಗಳು ಯಾಕಿಲ್ಲ ಎಂದರೆ ಬರುವ ಮೊದಲ ಉತ್ತರ, ಅಷ್ಟು ದುಡ್ಡು ಎಲ್ಲಿಂದ ತರೋಣ ಎಂಬುದು. ಬ್ರಿಟನ್ನಿನ ಕಿರುತೆರೆ ಬರಹಗಾರ ನೈಜೆಲ್ ನೀಲ್ ಅವರ ವೃತ್ತಿಬದುಕನ್ನು ನೋಡಿದರೆ ಈ ಮಾತು ನಿಲ್ಲುವುದಿಲ್ಲ. 1953ರಲ್ಲಿ ಅವರು ಬಿಬಿಸಿಗೆ ಬರೆದ ‘ದಿ ಕ್ವಾಟರ್‌ಮಾಸ್ ಎಕ್ಸ್‌ಪೆರಿಮೆಂಟ್’ ಆರು ಕಂತುಗಳಲ್ಲಿ ನೇರ ಪ್ರಸಾರವಾಯಿತು. ಬಾಹ್ಯಾಕಾಶಕ್ಕೆ ಹೋಗಿ ಬಂದವನೊಬ್ಬ ಸಸ್ಯದಂಥ ಜೀವಿಯಾಗುತ್ತ ಹೋಗುವ ಕಥೆ ಅದು. ಕೊನೆಗೆ ಆ ಜೀವಿ ವೆಸ್ಟ್‌ಮಿನ್‌ಸ್ಟರ್ ಅಬೆಯೊಳಗೆ ಹಬ್ಬಿಕೊಂಡಿರಬೇಕು. ನೀಲ್ ಕೈಗವಸುಗಳಿಗೆ ಗಿಡಬಳ್ಳಿಯ ಚೂರು ಅಂಟಿಸಿ, ಅಬೆಯ ದೊಡ್ಡ ಫೋಟೋದ ತೂತಿನಲ್ಲಿ ತಮ್ಮ ಕೈಗಳನ್ನೇ ತೂರಿಸಿ ಆಡಿಸಿದರು. ಅಷ್ಟು ಸಾಕಾಯಿತು, ಏಕೆಂದರೆ ಹಿಂದಿನ ಐದು ಕಂತುಗಳ ಬರವಣಿಗೆ ಭಯವನ್ನು ಆಗಲೇ ಕಟ್ಟಿಟ್ಟಿತ್ತು.

ಅವರ ಇನ್ನೊಂದು ಬಲ, ಕಥೆಯನ್ನು ಕಣ್ಣೆದುರಿನ ಜಾಗದಲ್ಲೇ ನೆಡುವುದು. 1958–59ರ ‘ಕ್ವಾಟರ್‌ಮಾಸ್ ಅಂಡ್ ದಿ ಪಿಟ್’ನಲ್ಲಿ ಲಂಡನ್ನಿನ ಕಟ್ಟಡವೊಂದಕ್ಕೆ ಪಾಯ ತೋಡುವಾಗ ಪುರಾತನ ತಲೆಬುರುಡೆಗಳು, ಆಮೇಲೆ ಅನ್ಯಲೋಕದ ನೌಕೆ ಸಿಗುತ್ತವೆ. ನಮ್ಮ ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನಲ್ಲಿ ಇಂಥ ಸರಕಿಗೆ ಬರವೇ? ತಳೇವಾಡಿ ಹತ್ತಿರದ ಬಾರಾಪೇಡೆ ಗುಹೆಗಳ ರೌಟನ್ ಬಾವಲಿ 1913ರಲ್ಲಿ ವಿಜ್ಞಾನದ ದಾಖಲೆ ಸೇರಿತು. ಜಗತ್ತಿನಲ್ಲಿ ಅದಿರುವುದು ಇಲ್ಲಿ ಮಾತ್ರ ಎಂದೇ ದಶಕಗಳ ಕಾಲ ತಿಳಿಯಲಾಗಿತ್ತು. ಆ ಬಾವಲಿಗಳೆಲ್ಲ ಒಂದು ರಾತ್ರಿ ಗುಹೆ ಬಿಟ್ಟು ಹೊರಟರೆ? ಕಣಕುಂಬಿಯ ಕಾಲುವೆ ಅಗೆತದಲ್ಲಿ, ಕದಂಬರ ಕಾಲದ ಹಲಸಿ ಊರಿಗಿಂತಲೂ ಎಷ್ಟೋ ಹಳೆಯದಾದ, ಯಾವ ಲೋಹವೆಂದೇ ತಿಳಿಯದ ಗೋಡೆಯೊಂದು ಸಿಕ್ಕರೆ? ಕಾಡು, ಮಳೆ, ಕನ್ನಡ–ಮರಾಠಿ ಎರಡನ್ನೂ ಆಡುವ ಜನ ಇಲ್ಲೇ ಇದ್ದಾರೆ. ವಿಜ್ಞಾನದ ಸಂದೇಹ ಬಂದರೆ ಕೇಳಲು ಬೆಳಗಾವಿಯಲ್ಲೇ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವಿದೆ.

ಇಂಥ ಕಥೆಗಳಿಂದ ಮೂಢನಂಬಿಕೆ ಬೆಳೆಯುತ್ತದೆ ಎಂಬ ಆತಂಕವನ್ನು ನಾನು ಹಗುರವಾಗಿ ತಳ್ಳಿಹಾಕಲಾರೆ. ನಮ್ಮ ಧಾರಾವಾಹಿಗಳಲ್ಲಿ ನಾಗಿಣಿ, ವಾಮಾಚಾರಗಳಿಗೆ ಕೊರತೆಯಿಲ್ಲ. ಆದರೆ ನೀಲ್ ದೆವ್ವದ ವದಂತಿಯನ್ನು ತಂದು ಪ್ರಯೋಗಾಲಯದ ಮೇಜಿನ ಮೇಲಿಡುತ್ತಾರೆ. ಭಯಕ್ಕೆ ಕಾರಣ ಹುಡುಕುವ ಪಾತ್ರವೇ ಅವರಲ್ಲಿ ನಾಯಕ. ಅಂಥ ನಾಯಕಿಯೊಬ್ಬಳು ಸಂಜೆಯ ಧಾರಾವಾಹಿಯಲ್ಲಿ ಬಂದರೆ ಮನೆಯ ಮಕ್ಕಳಿಗೆ ಒಳ್ಳೆಯದೇ ಆಗುತ್ತದೆ. ಜನ ನೋಡುವುದಿಲ್ಲ ಎನ್ನುವವರು ಟಿ.ಎನ್. ಸೀತಾರಾಮ್ ಅವರ ‘ಮಾಯಾಮೃಗ’ವನ್ನು ನೆನೆಯಲಿ, ವಾದ, ವಿಚಾರಗಳಿದ್ದ ಆ ಧಾರಾವಾಹಿಯನ್ನು ಕನ್ನಡದ ಮನೆಗಳು ಪ್ರೀತಿಯಿಂದಲೇ ನೋಡಿದವು. ರಾಜಶೇಖರ ಭೂಸನೂರಮಠರಂಥವರು ಪುಸ್ತಕಗಳಲ್ಲಿ ವೈಜ್ಞಾನಿಕ ಕಥೆಯ ದಾರಿಯನ್ನು ಎಂದೋ ತುಳಿದಿದ್ದಾರೆ, ಕಿರುತೆರೆ ಅವರ ಹಿಂದೆ ಹೋಗಲಿಲ್ಲ ಅಷ್ಟೇ.

ನಿಜವಾದ ಅಡ್ಡಿ ಇರುವುದು ಬರಹಗಾರನಿಗೆ ಕೊಡುವ ಜಾಗದಲ್ಲಿ. ಇಂದು ಬರೆದದ್ದನ್ನು ನಾಳೆ ಚಿತ್ರೀಕರಿಸಿ, ಟಿಆರ್‌ಪಿ ನೋಡಿ ಕಥೆ ತಿರುಗಿಸುವಲ್ಲಿ ಇಂಥ ಕಲ್ಪನೆ ಬೆಳೆಯುವುದಿಲ್ಲ. ನೀಲ್ ಕೂಡ ನೋವುಂಡವರೇ. ಬಿಬಿಸಿ ಅವರ ಮೊದಲ ಕ್ವಾಟರ್‌ಮಾಸ್ ಕಥೆಯನ್ನು ಹ್ಯಾಮರ್ ಎಂಬ ಸಿನಿಮಾ ಕಂಪನಿಗೆ ಮಾರಿತು, 1955ರಲ್ಲಿ ಸಿನಿಮಾ ಬಂತು, ಅದರ ಹಣದಲ್ಲಿ ಅವರಿಗೆ ಪಾಲು ಸಿಗಲಿಲ್ಲ. ಮರುವರ್ಷ ಅವರು ಬಿಬಿಸಿಯ ನೌಕರಿ ಬಿಟ್ಟರು. ನಮ್ಮಲ್ಲಿ 2012ರ ಹಕ್ಕುಸ್ವಾಮ್ಯ ತಿದ್ದುಪಡಿ ಬರಹಗಾರರ ರಾಯಧನದ ಹಕ್ಕನ್ನು ಗಟ್ಟಿ ಮಾಡಿದೆ. ವಾಹಿನಿಗಳು ಎಂಟೋ ಹತ್ತೋ ಕಂತುಗಳ ಕಥೆಯನ್ನು ಪೂರ್ತಿ ಬರೆಸಿ, ಆ ಹಕ್ಕನ್ನು ಕರಾರಿನಲ್ಲಿ ನಮೂದಿಸಿ, ಆಮೇಲೆ ಕ್ಯಾಮೆರಾ ಹೊತ್ತು ಖಾನಾಪುರದ ಬಸ್ಸು ಹತ್ತಲಿ.