ಜಾಮೀನು ಸಿಕ್ಕಿತು, ಜಾಮೀನುದಾರ ಎಲ್ಲಿ?

ಹಾಸನ: 2024ರಲ್ಲಿ ಹೊಳೆನರಸೀಪುರದ ಒಂದೇ ರಾಜಕೀಯ ಕುಟುಂಬದ ವಿರುದ್ಧದ ಪ್ರಕರಣಗಳು ಜಾಮೀನಿನ ನಾನಾ ಬಗೆಗಳನ್ನು ನಾಡಿನ ಮುಂದೆ ತೆರೆದಿಟ್ಟವು. ಅಪಹರಣ ಆರೋಪದಲ್ಲಿ ಮೇ 4ರಂದು ಬಂಧಿತರಾದ ಶಾಸಕ ಎಚ್.ಡಿ. ರೇವಣ್ಣ ಅವರಿಗೆ ಬೆಂಗಳೂರಿನ ಜನಪ್ರತಿನಿಧಿಗಳ ವಿಶೇಷ ನ್ಯಾಯಾಲಯ ಮೇ 13ರಂದು 5 ಲಕ್ಷ ರೂಪಾಯಿ ಬಾಂಡ್ ಮೇಲೆ ಷರತ್ತುಬದ್ಧ ಜಾಮೀನು ನೀಡಿತು. ಅದೇ ಪ್ರಕರಣದಲ್ಲಿ ಭವಾನಿ ರೇವಣ್ಣ ಅವರಿಗೆ ಹೈಕೋರ್ಟ್ ಜೂನ್ 18ರಂದು ನಿರೀಕ್ಷಣಾ ಜಾಮೀನು ಮಂಜೂರು ಮಾಡಿತು. ಬೇರೆ ಪ್ರಕರಣಗಳಲ್ಲಿ ಮೇ 31ರಂದು ಬಂಧಿತರಾದ ಪ್ರಜ್ವಲ್ ರೇವಣ್ಣ ಅವರ ಜಾಮೀನು ಅರ್ಜಿಯನ್ನು ಹೈಕೋರ್ಟ್ ಅಕ್ಟೋಬರ್‌ನಲ್ಲಿ, ಸುಪ್ರೀಂ ಕೋರ್ಟ್ ನವೆಂಬರ್‌ನಲ್ಲಿ ತಿರಸ್ಕರಿಸಿದವು. 2025ರ ಆಗಸ್ಟ್ 2ರಂದು ಒಂದು ಪ್ರಕರಣದಲ್ಲಿ ಅವರಿಗೆ ಜೀವಾವಧಿ ಶಿಕ್ಷೆ ಪ್ರಕಟವಾಯಿತು.

ಈ ಆದೇಶಗಳ ಸುತ್ತ ನಡೆದ ಚರ್ಚೆ ಸಾಕ್ಷ್ಯ, ಪ್ರಭಾವ ಮತ್ತು ರಾಜಕೀಯಕ್ಕೆ ಸೀಮಿತವಾಗಿತ್ತು. ಹಾಸನ, ಹೊಳೆನರಸೀಪುರ, ಅರಕಲಗೂಡು ಅಥವಾ ಚನ್ನರಾಯಪಟ್ಟಣದ ನ್ಯಾಯಾಲಯಗಳಿಗೆ ನಿತ್ಯ ಬರುವ ಬಡ ಆರೋಪಿಯ ಚಿಂತೆಯೇ ಬೇರೆ. ಜಾಮೀನು ಮಂಜೂರಾದ ಮೇಲೂ ಅವನ ಪರವಾಗಿ ಸಹಿ ಹಾಕುವವರು ಯಾರು ಎಂಬುದೇ ಆ ಚಿಂತೆ.

ಅಂಗಡಿಯಲ್ಲಿ ಸಿಗುವ ಸೇವೆಯಲ್ಲ

ಅಮೆರಿಕದ ಅನೇಕ ರಾಜ್ಯಗಳಲ್ಲಿ ಪರವಾನಗಿ ಪಡೆದ ಏಜೆಂಟರು ಶುಲ್ಕ ಪಡೆದು ಆರೋಪಿಯ ಪರ ಬಾಂಡ್ ಬರೆದುಕೊಡುತ್ತಾರೆ. ಭಾರತದಲ್ಲಿ ಅಂತಹ ವ್ಯವಸ್ಥೆ ಇಲ್ಲ. ಇಲ್ಲಿ ಜಾಮೀನುದಾರ ಎಂದರೆ ಆರೋಪಿಯನ್ನು ಬಲ್ಲ, ಅವನು ತಪ್ಪದೆ ವಿಚಾರಣೆಗೆ ಹಾಜರಾಗುತ್ತಾನೆಂದು ನ್ಯಾಯಾಲಯಕ್ಕೆ ಮಾತು ಕೊಡುವ ವ್ಯಕ್ತಿ. ಹಣ ಪಡೆದು ಜಾಮೀನು ನಿಲ್ಲುವ ಕರಾರನ್ನು ಸಾರ್ವಜನಿಕ ನೀತಿಗೆ ವಿರುದ್ಧವೆಂದೇ ನ್ಯಾಯಾಲಯಗಳು ಪರಿಗಣಿಸುತ್ತ ಬಂದಿವೆ.

ಆದರೂ ನ್ಯಾಯಾಲಯದ ಆವರಣಗಳಲ್ಲಿ ಬಾಡಿಗೆ ಜಾಮೀನುದಾರರು ಕಾಣಿಸಿಕೊಳ್ಳುವುದು ಗುಟ್ಟಿನ ಸಂಗತಿಯೇನಲ್ಲ. ನಕಲಿ ಆಧಾರ್, ನಕಲಿ ಪಹಣಿ ಸೃಷ್ಟಿಸಿ ಅಪರಿಚಿತರಿಗೆ ಜಾಮೀನು ನೀಡುತ್ತಿದ್ದ ಜಾಲಗಳನ್ನು ಬೆಂಗಳೂರು ಪೊಲೀಸರು ಹಲವು ಬಾರಿ ಭೇದಿಸಿದ್ದಾರೆ. ಇಂತಹವರ ಮೊರೆ ಹೋದ ಕುಟುಂಬಕ್ಕೆ ಹಣವಷ್ಟೇ ನಷ್ಟವಾಗುವುದಿಲ್ಲ. ವಂಚನೆ ಬಯಲಾದರೆ ಜಾಮೀನು ರದ್ದಾಗಬಹುದು. ಫೋರ್ಜರಿ ಮತ್ತು ವಂಚನೆಯ ಹೊಸ ಪ್ರಕರಣವೂ ಹೆಗಲೇರಬಹುದು.

ಕಾನೂನು ಹೇಳುವುದೇನು?

2024ರ ಜುಲೈ 1ರಿಂದ 1973ರ ದಂಡ ಪ್ರಕ್ರಿಯಾ ಸಂಹಿತೆಯ ಸ್ಥಾನದಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಜಾರಿಯಲ್ಲಿದೆ. ಜಾಮೀನು ನೀಡಬಹುದಾದ ಅಪರಾಧಗಳಲ್ಲಿ ಬಿಡುಗಡೆ ಆರೋಪಿಯ ಹಕ್ಕು. ಠಾಣೆಯಲ್ಲೇ ಅದನ್ನು ಪಡೆಯಬಹುದು. ಒಂದು ವಾರದೊಳಗೆ ಜಾಮೀನುದಾರರನ್ನು ಒದಗಿಸಲಾಗದವನನ್ನು ನಿರ್ಗತಿಕನೆಂದು ಭಾವಿಸಿ ಸ್ವಂತ ಮುಚ್ಚಳಿಕೆಯ ಮೇಲೆ ಬಿಡಬೇಕೆಂದು 478ನೇ ಕಲಂ ಹೇಳುತ್ತದೆ. ಜಾಮೀನುರಹಿತ ಅಪರಾಧಗಳಲ್ಲಿ ತೀರ್ಮಾನ ನ್ಯಾಯಾಲಯದ ವಿವೇಚನೆಗೆ ಬಿಟ್ಟದ್ದು. ಮೊದಲು ಮ್ಯಾಜಿಸ್ಟ್ರೇಟ್, ನಂತರ ಸೆಷನ್ಸ್ ನ್ಯಾಯಾಲಯ, ಅನಂತರ ಹೈಕೋರ್ಟ್ ಎಂಬುದು ರೂಢಿಯ ಕ್ರಮ. ಬಂಧನದ ಭೀತಿ ಇರುವವರು 482ನೇ ಕಲಮಿನಡಿ ನಿರೀಕ್ಷಣಾ ಜಾಮೀನು ಕೋರಬಹುದು. ಪೊಲೀಸರು 60 ದಿನಗಳಲ್ಲಿ, ಗಂಭೀರ ಅಪರಾಧಗಳಲ್ಲಿ 90 ದಿನಗಳಲ್ಲಿ ದೋಷಾರೋಪ ಪಟ್ಟಿ ಸಲ್ಲಿಸದಿದ್ದರೆ ಜಾಮೀನು ಕೇಳುವ ಹಕ್ಕು ಆರೋಪಿಗೆ ತಾನಾಗಿಯೇ ಒದಗುತ್ತದೆ.

ಜಾಮೀನು ಎಂದರೆ ಖುಲಾಸೆಯಲ್ಲ ಎಂಬುದೂ ನೆನಪಿನಲ್ಲಿರಬೇಕು. ಅದು ವಿಚಾರಣೆ ಮುಗಿಯುವವರೆಗಿನ ಷರತ್ತುಬದ್ಧ ಬಿಡುಗಡೆ ಮಾತ್ರ.

ಪಹಣಿಯ ತೊಡಕು

ನಿಜವಾದ ತೊಡಕು ಆರಂಭವಾಗುವುದು ಆದೇಶದ ನಂತರ. ಗ್ರಾಮೀಣ ಭಾಗದಲ್ಲಿ ಜಾಮೀನುದಾರನಿಂದ ಸಾಮಾನ್ಯವಾಗಿ ಕೇಳುವುದು ಆಧಾರ್, ಭಾವಚಿತ್ರ ಮತ್ತು ತನ್ನ ಹೆಸರಿನ ಪಹಣಿ. ನೌಕರರಾದರೆ ವೇತನ ಪ್ರಮಾಣಪತ್ರ. ಹೇಮಾವತಿ ನಾಲೆಯ ಅಚ್ಚುಕಟ್ಟಿನಲ್ಲಾಗಲಿ, ಅರಕಲಗೂಡಿನ ತಂಬಾಕು ಹೊಲಗಳಲ್ಲಾಗಲಿ, ಚನ್ನರಾಯಪಟ್ಟಣದ ತೆಂಗಿನ ತೋಟಗಳಲ್ಲಾಗಲಿ ಭೂಮಿ ಉಳುವವನ ಹೆಸರಿನಲ್ಲೇ ಇರುತ್ತದೆಂದು ಹೇಳಲಾಗದು. ತೀರಿಹೋದ ಅಜ್ಜನ ಹೆಸರಿನಲ್ಲೇ ಖಾತೆ ಉಳಿದಿರುವುದು, ಅಣ್ಣತಮ್ಮಂದಿರ ಜಂಟಿ ಖಾತೆಯಾಗಿರುವುದು ರಾಜ್ಯದೆಲ್ಲೆಡೆ ಕಾಣುವ ಸಂಗತಿ. ಪೌತಿ ಖಾತೆಯಾಗದ ಜಮೀನು ಹೊಟ್ಟೆಗೆ ಅನ್ನ ನೀಡಬಲ್ಲದು, ಜಾಮೀನಿಗೆ ಆಧಾರವಾಗಲಾರದು. ಭೂರಹಿತ ಕೂಲಿಕಾರನಿಗಂತೂ ಈ ದಾರಿಯೇ ಇಲ್ಲ.

ಜಾಮೀನು ನಿಲ್ಲುವವನ ಭಯವೂ ನಿರಾಧಾರವಲ್ಲ. ಆರೋಪಿ ತಲೆಮರೆಸಿಕೊಂಡರೆ ನ್ಯಾಯಾಲಯ ಬಾಂಡ್ ಮುಟ್ಟುಗೋಲು ಹಾಕಿಕೊಂಡು, ಕಾರಣ ಕೇಳಿ, ಮೊತ್ತ ವಸೂಲು ಮಾಡಬಹುದು. ವಸೂಲಾಗದಿದ್ದರೆ ಜಾಮೀನುದಾರನಿಗೇ ಆರು ತಿಂಗಳವರೆಗೆ ಸಿವಿಲ್ ಸೆರೆವಾಸ ವಿಧಿಸಲು ಅವಕಾಶವಿದೆ. ಆದರೆ ನಂಬಿಕೆ ಕಳೆದುಕೊಂಡ ಜಾಮೀನುದಾರ ತನ್ನನ್ನು ಹೊಣೆಯಿಂದ ಬಿಡಿಸುವಂತೆ ಅರ್ಜಿ ಹಾಕಬಹುದು ಎಂಬುದು ಅನೇಕರಿಗೆ ತಿಳಿದಿಲ್ಲ.

ಗಾರೆ ಕೆಲಸದವನ ಪ್ರಕರಣ

ಈ ಪ್ರಶ್ನೆಯನ್ನು ಸುಪ್ರೀಂ ಕೋರ್ಟ್ 1978ರಲ್ಲೇ ಮೋತಿರಾಂ ಪ್ರಕರಣದಲ್ಲಿ ಎದುರಿಸಿತ್ತು. ಮಧ್ಯಪ್ರದೇಶದ ಗಾರೆ ಕೆಲಸದವನೊಬ್ಬನಿಂದ ಮ್ಯಾಜಿಸ್ಟ್ರೇಟರು 10,000 ರೂಪಾಯಿಯ ಜಾಮೀನು ಕೇಳಿದ್ದರು. ಸಹೋದರನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಎಂದು ಅವನ ಖಾತರಿಯನ್ನು ತಿರಸ್ಕರಿಸಿದ್ದರು. ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಇದನ್ನು ಒಪ್ಪಲಿಲ್ಲ. ಬಸ್ತರ್‌ನಲ್ಲೋ ಚಾಂದನಿ ಚೌಕದಲ್ಲೋ ಬಂಧಿತನಾದ ಕನ್ನಡಿಗನೊಬ್ಬ ಸ್ಥಳೀಯ ಜಾಮೀನುದಾರನನ್ನು ಎಲ್ಲಿಂದ ತರಬೇಕು ಎಂಬರ್ಥದ ಪ್ರಶ್ನೆಯನ್ನು ಅವರ ತೀರ್ಪು ಎತ್ತಿತ್ತು.

ಇಂದು ಅದೇ ಪ್ರಶ್ನೆ ತಿರುಗಿ ಹಾಸನಕ್ಕೆ ಬಂದಿದೆ. ಮಲೆನಾಡಿನ ಕಾಫಿ ತೋಟಗಳಿಗೆ, ಕಟ್ಟಡ ಕಾಮಗಾರಿಗಳಿಗೆ ಅಸ್ಸಾಂ ಮತ್ತು ಉತ್ತರ ಭಾರತದಿಂದ ಬಂದ ಕಾರ್ಮಿಕ ಇಲ್ಲಿ ಆರೋಪಿಯಾದರೆ ಅವನಿಗೆ ಪಹಣಿ ಇರುವ ಬಂಧು ಯಾರು? 2023ರ ಜನವರಿ 31ರಂದು ಸುಪ್ರೀಂ ಕೋರ್ಟ್ ಇದಕ್ಕೆ ಸ್ಪಷ್ಟ ಉತ್ತರ ನೀಡಿದೆ. ಬಿಡುಗಡೆ ವಿಳಂಬಕ್ಕೆ ಸ್ಥಳೀಯ ಜಾಮೀನುದಾರರ ಷರತ್ತೂ ಒಂದು ಕಾರಣವಾದ್ದರಿಂದ ಅಂತಹ ಪ್ರಕರಣಗಳಲ್ಲಿ ಆ ಷರತ್ತು ವಿಧಿಸದಿರಬಹುದು ಎಂದು ಅದು ಸೂಚಿಸಿತು. ಆದೇಶದ ಪ್ರತಿ ಅದೇ ದಿನ ಅಥವಾ ಮರುದಿನ ಇ-ಮೇಲ್ ಮೂಲಕ ಕಾರಾಗೃಹ ತಲುಪಬೇಕು, ಏಳು ದಿನಗಳಲ್ಲಿ ಬಿಡುಗಡೆಯಾಗದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕು, ತಿಂಗಳಾದರೂ ಬಾಂಡ್ ಒದಗದಿದ್ದರೆ ನ್ಯಾಯಾಲಯವೇ ಷರತ್ತು ಸಡಿಲಿಕೆಯನ್ನು ಪರಿಶೀಲಿಸಬಹುದು ಎಂಬುದೂ ಆ ನಿರ್ದೇಶನಗಳಲ್ಲಿ ಸೇರಿದೆ.

ಯಾರನ್ನು ಕಾಣಬೇಕು?

ಹೀಗಾಗಿ ಕುಟುಂಬದವರು ಮೊದಲು ಹುಡುಕಬೇಕಾದದ್ದು ಬಾಡಿಗೆ ಜಾಮೀನುದಾರನನ್ನಲ್ಲ. ಹಾಸನದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ, ತಾಲ್ಲೂಕು ನ್ಯಾಯಾಲಯಗಳಲ್ಲಿನ ಕಾನೂನು ಸೇವಾ ಸಮಿತಿ, ಇಲ್ಲವೇ ಸಹಾಯವಾಣಿ 15100. ಬಂಧನದಲ್ಲಿರುವವರು, ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು ಆದಾಯದ ಮಿತಿಯಿಲ್ಲದೆ ಉಚಿತ ವಕೀಲರ ನೆರವಿಗೆ ಅರ್ಹರು. ಮೊತ್ತ ದುಬಾರಿಯಾದರೆ ಇಳಿಸಲು ಅಥವಾ ಬಾಂಡ್ ಬದಲು ನಗದು ಠೇವಣಿಗೆ ಅನುಮತಿಸಲು ವಕೀಲರು ಮನವಿ ಮಾಡಬಹುದು. ಜಾಮೀನು ಹಣ ಹೊಂದಿಸಲಾಗದ ಬಡ ವಿಚಾರಣಾಧೀನ ಕೈದಿಗಳಿಗೆ ನೆರವು ನೀಡುವ ಯೋಜನೆಯನ್ನು ಕೇಂದ್ರ ಸರ್ಕಾರ 2023ರಲ್ಲಿ ರೂಪಿಸಿದೆ.

2022ರ ಕೊನೆಗೆ ದೇಶದ ಕಾರಾಗೃಹಗಳಲ್ಲಿದ್ದ 5.73 ಲಕ್ಷ ಮಂದಿಯಲ್ಲಿ 4.34 ಲಕ್ಷ ಮಂದಿ ವಿಚಾರಣಾಧೀನರು, ಅಂದರೆ ಪ್ರತಿ ನಾಲ್ವರಲ್ಲಿ ಮೂವರು ಅಪರಾಧ ಸಾಬೀತಾಗದೆ ಒಳಗಿದ್ದವರು. ಕಾನೂನಿನಲ್ಲಿ ದಾರಿಗಳಿಗೆ ಕೊರತೆಯಿಲ್ಲ. ಅವು ಪಹಣಿ ಇಲ್ಲದವನಿಗೂ ತಿಳಿಯುವಂತೆ ಠಾಣೆ, ಕಾರಾಗೃಹ ಮತ್ತು ನ್ಯಾಯಾಲಯದ ಗೋಡೆಗಳ ಮೇಲೆ ಕನ್ನಡದಲ್ಲಿ ದಪ್ಪ ಅಕ್ಷರಗಳಲ್ಲಿ ಬರೆದಿರಬೇಕು. ಅಲ್ಲಿಯವರೆಗೆ ಬಾಡಿಗೆ ಜಾಮೀನುದಾರರ ವ್ಯಾಪಾರಕ್ಕೆ ಗಿರಾಕಿಗಳು ತಪ್ಪುವುದಿಲ್ಲ.