ತಡಮಾಡುವವರೇ ಟೈಮಿನ ಪಾಠ ಹೇಳಿದರೆ...

ಇತ್ತೀಚೆಗೆ ಎಲ್ಲಿ ಹೋದರೂ ಟೈಮ್ ಮ್ಯಾನೇಜ್‌ಮೆಂಟಿನದೇ ಭಾಷಣ. ಬ್ಯಾಂಕಿನ ಟ್ರೈನಿಂಗಿನಲ್ಲಿ ಅದೇ, ಸೊಸೈಟಿಯ ವಾಟ್ಸಾಪ್ ಗುಂಪಿನಲ್ಲಿ ಅದೇ, ಸಂಘದ ಪ್ರತಿಭಾ ಪುರಸ್ಕಾರಕ್ಕೆ ಬಂದ ಮುಖ್ಯ ಅತಿಥಿಗಳ ಬಾಯಲ್ಲೂ ಅದೇ. ಬೆಳಿಗ್ಗೆ 5ಕ್ಕೆ ಏಳಿ, ಡೈರಿ ಬರೆಯಿರಿ, ಟಿವಿ ಬಿಡಿ. ಕೊನೆಗೆ, ದೇವರು ಅಂಬಾನಿಗೂ ನಿಮಗೂ ಕೊಟ್ಟದ್ದು 24 ಗಂಟೆಯೇ ಅಂತ ಒಂದು ಮಾತು, ಜೋರು ಚಪ್ಪಾಳೆ. ಆ ಅತಿಥಿಗಳು ಸಭೆಗೆ ಬಂದದ್ದು ಮಾತ್ರ ಒಂದು ಗಂಟೆ ತಡವಾಗಿ!

ಶಿಸ್ತು ಬೇಡ ಅನ್ನುವವ ನಾನಲ್ಲ. ಸಂಜೆ ಲೆಕ್ಕ ತಾಳೆಯಾಗದೆ ಯಾರೂ ಮನೆಗೆ ಹೋಗುವಂತಿಲ್ಲ ಅನ್ನುತ್ತಿದ್ದ ಕಾಲದಲ್ಲಿ ಬ್ಯಾಂಕ್ ಕೆಲಸ ಕಲಿತವನು ನಾನು. ನನ್ನ ತಕರಾರು ಬೇರೆ. ಈ ಪಾಠವನ್ನು ಯಾರು ಯಾರಿಗೆ ಹೇಳುತ್ತಿದ್ದಾರೆ ಅನ್ನುವುದನ್ನು ಸ್ವಲ್ಪ ನೋಡಿ. ಯಾವಾಗಲೂ ಮೇಲಿನವರು ಕೆಳಗಿನವರಿಗೆ, ಕಾಯಿಸುವವರು ಕಾಯುವವರಿಗೆ.

ನಮ್ಮ ಜನಕ್ಕೆ ಟೈಮ್ ಸೆನ್ಸ್ ಇಲ್ಲ ಅನ್ನುವವರು ಒಮ್ಮೆ ಭೋಸರಿಗೆ ಬರಬೇಕು. ಬೆಳಗಿನ ಶಿಫ್ಟಿನ ಹೊತ್ತಿಗೆ ಲಾಂಡೇವಾಡಿ ಚೌಕದಲ್ಲೋ ಟೆಲ್ಕೊ ರೋಡಿನಲ್ಲೋ ನಿಂತುಕೊಂಡರೆ ಸಾಕು. ಕೈಯಲ್ಲಿ ಡಬ್ಬಿ ಹಿಡಿದು ಎಂಐಡಿಸಿ ಕಡೆ ಓಡುವ ಸಾವಿರಾರು ಜನ ಕಾಣುತ್ತಾರೆ. ಅವರಲ್ಲಿ ವಿಜಯಪುರ, ಕಲಬುರಗಿ, ಬೀದರ್, ಸೊಲ್ಲಾಪುರ ಕಡೆಯ ನಮ್ಮವರು ಕಡಿಮೆಯೇನಿಲ್ಲ. ಇಲ್ಲಿಯ ಕಾರ್ಖಾನೆಗಳಿಗೆ ವಾರದ ರಜೆ ಭಾನುವಾರವೂ ಅಲ್ಲ, ಗುರುವಾರ. ವಿದ್ಯುತ್ತಿನ ಹೊರೆ ಹಂಚಲೆಂದು ಬಂದ ಏರ್ಪಾಡು ಅದು. ಮಕ್ಕಳಿಗೆ ರಜೆ ಭಾನುವಾರ, ಅಪ್ಪನಿಗೆ ಗುರುವಾರ. ಇಷ್ಟೆಲ್ಲಾ ಹೊಂದಿಸಿಕೊಂಡು ಬದುಕುವ ಮನುಷ್ಯನಿಗೆ ಡೈರಿ ಬರೆಯಲು ಹೇಳುತ್ತೀರಾ?

ಅವನ ಮನೆಯಾಕೆಯದು ಇನ್ನೂ ದೊಡ್ಡ ಮ್ಯಾನೇಜ್‌ಮೆಂಟ್. ಪಿಂಪ್ರಿ-ಚಿಂಚ್‌ವಾಡದಲ್ಲಿ 2019ರ ನವೆಂಬರಿನಲ್ಲಿ ದಿನ ಬಿಟ್ಟು ದಿನ ನೀರು ಬಿಡುವ ಪದ್ಧತಿ ಶುರುವಾಯಿತು. ತಾತ್ಕಾಲಿಕ ಅಂದುಕೊಂಡಿದ್ದು ವರ್ಷಗಟ್ಟಲೆ ನಡೆಯಿತು. ನಲ್ಲಿ ಬರುವ ಹೊತ್ತಿಗೆ ಅಡುಗೆ, ಒಗೆತ, ನಿದ್ದೆ ಎಲ್ಲವನ್ನೂ ಕಟ್ಟಿಹಾಕಿಕೊಂಡವಳು ಅವಳು. 24 ಗಂಟೆ ಎಲ್ಲರಿಗೂ ಒಂದೇ ಅನ್ನುವುದು ಶುದ್ಧ ಸುಳ್ಳು ಸ್ವಾಮಿ. ಕಾರು, ಡ್ರೈವರ್, ಅಡುಗೆಯವರು ಇದ್ದವರ 24 ಗಂಟೆಯೇ ಬೇರೆ. ಅವರು ಇನ್ನೊಬ್ಬರ ಗಂಟೆಗಳನ್ನೂ ಸೇರಿಸಿಕೊಂಡು ಬದುಕುತ್ತಾರೆ.

ಇನ್ನು ನಾನು ಮೇಜಿನ ಈಚೆ ಕೂತು ದಿನಾ ನೋಡುವ ವಿಷಯಕ್ಕೆ ಬರುತ್ತೇನೆ. ಭೋಸರಿಯ ಬ್ಲಾಕುಗಳಲ್ಲಿ ನಾಲ್ಕೈದು ಮಶೀನು ಇಟ್ಟುಕೊಂಡ ಸಣ್ಣ ವರ್ಕ್‌ಶಾಪುಗಳು ಲೆಕ್ಕವಿಲ್ಲದಷ್ಟಿವೆ. ದೊಡ್ಡ ಕಂಪನಿಗೆ ಪಾರ್ಟ್ಸ್ ಮಾಡಿಕೊಡುವುದು ಇವರ ಕಸುಬು. ಮಾಲು ಹೇಳಿದ ದಿನ, ಹೇಳಿದ ಹೊತ್ತಿಗೆ ಗೇಟಿನಲ್ಲಿರಬೇಕು. ತಡವಾದರೆ ಲೈನ್ ನಿಂತಿತು ಅಂತ ಬಿಲ್ಲಿನಲ್ಲಿ ಕಡಿತ. ಸರಿ, ಒಪ್ಪೋಣ. ಆದರೆ ಅದೇ ಮಾಲಿನ ಹಣ ಯಾವಾಗ ಬರುತ್ತದೆ? ಇಂಡಿ ಕಡೆಯ ಒಬ್ಬ ವರ್ಕ್‌ಶಾಪ್ ಮಾಲೀಕರು ನನಗೆ ಹೇಳಿದ್ದಿಷ್ಟು: "ಸಾಹೇಬ್ರ, ಮಾಲು ಟೈಮಿಗೆ ಮುಟ್ಟಿಸೀನಿ. ರೊಕ್ಕ ಯಾವಾಗ ಬರ್ತದೋ ಆ ದೇವ್ರೇ ಬಲ್ಲ."

ಬಿಕಾಂ ಓದಿದವನಾದ್ದರಿಂದ ಲೆಕ್ಕ ಹಾಕಿಯೇ ತೋರಿಸುತ್ತೇನೆ. 5 ಲಕ್ಷದ ಬಿಲ್ಲು 90 ದಿನ ನಿಂತಿತು ಅಂದುಕೊಳ್ಳಿ. ಅಷ್ಟು ದಿನ ಆತ ಶೇಕಡಾ 12ರ ಓವರ್‌ಡ್ರಾಫ್ಟಿನಲ್ಲಿ ಕೆಲಸ ನಡೆಸಿದರೆ ಬಡ್ಡಿ ಸುಮಾರು 14,800 ರೂಪಾಯಿ. ಒಬ್ಬ ಹೆಲ್ಪರನ ತಿಂಗಳ ಪಗಾರದ ಹತ್ತಿರ ಹತ್ತಿರ! ದೊಡ್ಡವರು ತಡಮಾಡಿದರು, ಬಡ್ಡಿ ಕಟ್ಟಿದವನು ಸಣ್ಣವನು. ಆಮೇಲೆ ಅವನು ಕೆಲಸಗಾರರ ಪಗಾರ ತಡಮಾಡುತ್ತಾನೆ, ಕೆಲಸಗಾರ ಮನೆ ಬಾಡಿಗೆಯನ್ನು, ಮಗಳ ಸ್ಕೂಲ್ ಫೀಯನ್ನು ತಡಮಾಡುತ್ತಾನೆ. ಕೊನೆಗೆ ಫೀ ಕಟ್ಟಿಲ್ಲ ಅಂತ ಕ್ಲಾಸಿನಲ್ಲಿ ಎದ್ದು ನಿಲ್ಲುವುದು ಆ ಹುಡುಗಿ. ಅವಳಿಗೂ ಒಂದು ದಿನ ಯಾರೋ ಬಂದು ಸಮಯದ ಮಹತ್ವ ಹೇಳಿ ಹೋಗುತ್ತಾರೆ.

ಕಾನೂನು ಇಲ್ಲವೇ? ಇದೆ. 2006ರ ಎಂಎಸ್‌ಎಂಇ ಕಾಯ್ದೆಯ ಪ್ರಕಾರ ಅತಿ ಸಣ್ಣ ಮತ್ತು ಸಣ್ಣ ಘಟಕಗಳಿಗೆ ಲಿಖಿತ ಒಪ್ಪಂದ ಇದ್ದರೂ ಹೆಚ್ಚೆಂದರೆ 45 ದಿನದಲ್ಲಿ, ಒಪ್ಪಂದ ಇಲ್ಲದಿದ್ದರೆ 15 ದಿನದಲ್ಲಿ ಹಣ ಕೊಡಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳಿಗೊಮ್ಮೆ ಚಕ್ರಬಡ್ಡಿ. ದೂರು ಕೊಡಲು 2017ರಲ್ಲಿ ಸಮಾಧಾನ್ ಪೋರ್ಟಲ್ ಕೂಡ ಬಂತು. ಆದರೆ ದೂರು ಕೊಟ್ಟವನಿಗೆ ಮುಂದಿನ ಆರ್ಡರ್ ಸಿಗುತ್ತದೆಯೇ? ಆ ಹೆದರಿಕೆಯಿಂದಲೇ ಎಷ್ಟೋ ಜನ ಬಾಯಿ ಮುಚ್ಚಿಕೊಂಡು ಕೂರುತ್ತಾರೆ. 2024ರ ಏಪ್ರಿಲಿನಲ್ಲಿ ಆದಾಯ ತೆರಿಗೆಯ ಒಂದು ತಿದ್ದುಪಡಿ ಜಾರಿಗೆ ಬಂತು. ಗಡುವು ದಾಟಿದ ಬಾಕಿಯನ್ನು ನಿಜವಾಗಿ ಕೊಡುವವರೆಗೆ ಖರ್ಚು ಅಂತ ತೋರಿಸಿ ತೆರಿಗೆ ಉಳಿಸುವಂತಿಲ್ಲ ಅಂತ. ಆಗ ನೋಡಬೇಕಿತ್ತು, ಮಾರ್ಚ್ ತಿಂಗಳಲ್ಲಿ ಅಕೌಂಟ್ಸ್ ವಿಭಾಗಗಳ ಗಡಿಬಿಡಿ! ಉಪದೇಶದಿಂದ ಬಾರದ ಶಿಸ್ತು ಜೇಬಿಗೆ ಕೈ ಹಾಕಿದರೆ ಬರುತ್ತದೆ.

ಬ್ಯಾಂಕಿನವನಾಗಿ ಬ್ಯಾಂಕನ್ನು ಬಿಟ್ಟು ಮಾತಾಡಿದರೆ ತಪ್ಪಾಗುತ್ತದೆ. ಕಂತು ತಡವಾದರೆ ನಾವು ದಂಡ ಹಾಕುತ್ತೇವೆ, 90 ದಿನ ದಾಟಿದರೆ ಖಾತೆ ಎನ್‌ಪಿಎ. ಗ್ರಾಹಕನ ಒಂದೊಂದು ದಿನವೂ ನಮ್ಮ ಕಂಪ್ಯೂಟರಿಗೆ ಗೊತ್ತು. ಹಿಂದೆ ಎಟಿಎಂನಲ್ಲಿ ನೋಟು ಬಾರದೆ ಖಾತೆಯಿಂದ ಹಣ ಹೋದರೆ ಗ್ರಾಹಕ ದಿನಗಟ್ಟಲೆ ಅಲೆಯಬೇಕಿತ್ತು. 2019ರಲ್ಲಿ ರಿಸರ್ವ್ ಬ್ಯಾಂಕ್ ಒಂದು ಗಡುವು ಹಾಕಿತು: ವ್ಯವಹಾರದ ದಿನ ಬಿಟ್ಟು 5 ದಿನದೊಳಗೆ ಹಣ ವಾಪಸ್ ಜಮಾ ಆಗಬೇಕು, ಆಮೇಲೆ ದಿನಕ್ಕೆ 100 ರೂಪಾಯಿ ಪರಿಹಾರ, ಗ್ರಾಹಕ ಕೇಳದಿದ್ದರೂ. ಬ್ಯಾಂಕಿನ ತಡಕ್ಕೂ ಒಂದು ಬೆಲೆ ಕಟ್ಟಿದ್ದು ಇದು. ನನ್ನ ವಾದವೂ ಇಷ್ಟೇ. ಸಣ್ಣವನ ತಡಕ್ಕೆ ದಂಡ ಇರುವ ಹಾಗೆ ದೊಡ್ಡವನ ತಡಕ್ಕೂ ಇರಲಿ.

ಭಾಷಣಗಳಲ್ಲಿ ವಿಶ್ವೇಶ್ವರಯ್ಯನವರ ಹೆಸರು ಬಾರದೆ ಇರುವುದಿಲ್ಲ. ಅವರ ಸಮಯಪಾಲನೆಯ ಕಥೆ ಹೇಳುವವರು ಅವರು ನಮ್ಮ ಪುಣೆಯ ಪಕ್ಕದ ಖಡಕ್‌ವಾಸ್ಲಾದಲ್ಲಿ ಮಾಡಿದ ಕೆಲಸವನ್ನು ಮರೆಯುತ್ತಾರೆ. ಇಲ್ಲಿಯೇ ಇಂಜಿನಿಯರಿಂಗ್ ಓದಿದ ಅವರು 1903ರಲ್ಲಿ ಆ ಕೆರೆಗೆ ಸ್ವಯಂಚಾಲಿತ ಗೇಟುಗಳನ್ನು ಕೂರಿಸಿದರು. ನೀರು ಮಟ್ಟ ಮೀರಿದರೆ ಗೇಟು ತಾನೇ ತೆರೆಯಬೇಕು, ಇಳಿದರೆ ತಾನೇ ಮುಚ್ಚಬೇಕು. ಯಾವ ಸಾಹೇಬರ ಸಹಿಗೂ ಕಾಯುವಂತಿಲ್ಲ. ನೀರೇ, ಸ್ವಲ್ಪ ಶಿಸ್ತಿನಿಂದಿರು ಅಂತ ಅವರು ಕೆರೆಯ ದಂಡೆಯಲ್ಲಿ ನಿಂತು ಉಪನ್ಯಾಸ ಕೊಡಲಿಲ್ಲ. ವ್ಯವಸ್ಥೆಯಲ್ಲೇ ಶಿಸ್ತು ಇಟ್ಟರು. ನಮಗೆ ಬೇಕಾದದ್ದು ಆ ಪಾಠ.

ಹೊರಗಿನವರಿಗೆ ಹೇಳಿದ್ದಾಯಿತು, ಈಗ ನಮ್ಮ ಮನೆಯೊಳಗಿನ ಮಾತು. ನಮ್ಮ ಕನ್ನಡ ಕಾರ್ಯಕ್ರಮಗಳ ಆಮಂತ್ರಣದಲ್ಲಿ ಸಂಜೆ 5 ಅಂತ ಅಚ್ಚಾಗಿರುತ್ತದೆ, ದೀಪ ಬೆಳಗುವುದು ಆರೂವರೆಗೆ. ಟೈಮಿಗೆ ಬಂದವರು ಖಾಲಿ ಕುರ್ಚಿ ನೋಡುತ್ತಾ ಕೂರಬೇಕು, ತಡವಾಗಿ ಬಂದವರಿಗೆ ಹಾರ, ಶಾಲು. ಶಿಫ್ಟ್ ಬದಲಿಸಿಕೊಂಡು ಹೆಂಡತಿ ಮಕ್ಕಳನ್ನು ಕರೆದುಕೊಂಡು ಬಂದ ಕೆಲಸಗಾರ ಕೊನೆಯ ಬಸ್ಸಿನ ಚಿಂತೆಯಲ್ಲಿ ನಾಟಕ ಶುರುವಾಗುವ ಮೊದಲೇ ಎದ್ದು ಹೋಗುತ್ತಾನೆ. ಪುಣೇಕರರು ಮಧ್ಯಾಹ್ನ 1ರಿಂದ 4 ಅಂಗಡಿ ಮುಚ್ಚುತ್ತಾರೆ ಅಂತ ನಗುತ್ತೇವಲ್ಲ, ಅವರು 4 ಅಂತ ಬೋರ್ಡು ಹಾಕಿದರೆ 4ಕ್ಕೇ ಬಾಗಿಲು ತೆಗೆಯುತ್ತಾರೆ. ಮಂತ್ರಿಯೇ ಬರಲಿ, ಉದ್ಯಮಿಯೇ ಬರಲಿ, ಹೇಳಿದ ಹೊತ್ತಿಗೆ ಬಂದ ಹಿರಿಯರೊಬ್ಬರ ಕೈಯಲ್ಲಿ ದೀಪ ಹಚ್ಚಿಸಿ ಶುರುಮಾಡಿಬಿಡಿ. ಎರಡು ಸಲ ಹೀಗೆ ಮಾಡಿದರೆ ಮೂರನೇ ಸಲ ಅತಿಥಿಗಳು ತಾವೇ ಟೈಮಿಗೆ ಬರುತ್ತಾರೆ.

ಸಣ್ಣ ಉದ್ಯೋಗ ಇಟ್ಟುಕೊಂಡ ಓದುಗರಿಗೆ ಎರಡು ಮಾತು. ಉದ್ಯಮ್ ನೋಂದಣಿ ಮಾಡಿಸಿರಿ, ಪ್ರತಿ ಬಿಲ್ಲಿನ ಮೇಲೆ ಆ ನಂಬರು ಮತ್ತು ಹಣ ಕೊಡಬೇಕಾದ ಕೊನೆಯ ತಾರೀಖು ಬರೆಯಿರಿ. ಒಬ್ಬೊಬ್ಬರೇ ಕೇಳಲು ಹೆದರಿಕೆಯಾದರೆ ಹತ್ತು ಜನ ಸೇರಿ ಕೇಳಿ. ನಿಮಗೆ ಹಣ ಬಂದ ದಿನ ನಿಮ್ಮ ಕೆಲಸಗಾರರ ಪಗಾರವೂ ಆಗಲಿ. ವೇತನ ಸಂಹಿತೆ ಹೇಳುವುದೂ ಅದನ್ನೇ, ತಿಂಗಳ ಪಗಾರ ಮುಂದಿನ ತಿಂಗಳ 7ರೊಳಗೆ ಕೈಗೆ ಸೇರಬೇಕು.

ಇನ್ನು ಮೇಲೆ ಯಾರಾದರೂ ನಿಮಗೆ ಟೈಮ್ ಮ್ಯಾನೇಜ್‌ಮೆಂಟ್ ಹೇಳಲು ಬಂದರೆ ಒಂದೇ ಪ್ರಶ್ನೆ ಕೇಳಿ. ತಮ್ಮ ಹತ್ತಿರ ಎಷ್ಟು ಜನ ಕಾಯುತ್ತಿದ್ದಾರೆ ಸಾರ್, ಎಷ್ಟು ದಿನದಿಂದ?

ಏನಂತೀರಿ?