ಕಾಯಕ ಅವಳದು, ಲೆಕ್ಕ ಯಾರದು?



ಬಸವ ಜಯಂತಿಯ ವೇದಿಕೆಗಳ ಮೇಲೆ ನಾವು ಪ್ರತಿವರ್ಷವೂ ತಪ್ಪದೆ ಆಡುವ ಮಾತೊಂದುಂಟು. ಶರಣಧರ್ಮವು ಸ್ತ್ರೀಗೆ ಪುರುಷನ ಸಮಾನ ಸ್ಥಾನವನ್ನಿತ್ತಿತು, ಕಾಯಕದಲ್ಲಿ ಹೆಣ್ಣು ಗಂಡೆಂಬ ಭೇದವನ್ನೆಣಿಸಲಿಲ್ಲ ಎಂಬುದೇ ಆ ಮಾತು. ಅದು ದಿಟ. ನೂಲುವ ಕದಿರ ರೆಮ್ಮವ್ವೆ, ಭತ್ತ ಕುಟ್ಟುವ ಕೊಟ್ಟಣದ ಸೋಮಮ್ಮ ಇವರು ತಮ್ಮ ಕಾಯಕದ ಹೆಸರಿನಿಂದಲೇ ಇಂದಿಗೂ ಸ್ಮರಣೀಯರಾಗಿದ್ದಾರೆ. ಆದರೆ ಭಾಷಣ ಮುಗಿಸಿ ಮನೆಗೆ ಬಂದ ಮೇಲೆ ನಮ್ಮನ್ನು ನಾವೇ ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ: ನಮ್ಮ ಮನೆಯ ಶಿಕ್ಷಕಿಯ, ದಾದಿಯ, ಕಾರ್ಖಾನೆಗೆ ಹೋಗುವ ಸೊಸೆಯ ಪಗಾರ ಯಾರ ಕೈಯಲ್ಲಿದೆ? ಬ್ಯಾಂಕಿನ ಪುಸ್ತಕ ಅವಳ ಹೆಸರಿನಲ್ಲಿ, ಹಣ ತೆಗೆಯುವ ಕಾರ್ಡು ಗಂಡನ ಜೇಬಿನಲ್ಲಿ, ಅದರ ಗುಪ್ತಸಂಖ್ಯೆ ಮಗನ ನೆನಪಿನಲ್ಲಿ! ದುಡಿಮೆ ಅವಳದು, ದಣಿವು ಅವಳದು. ನಿರ್ಧಾರ ಮಾತ್ರ ಅನ್ಯರದು. ಇದನ್ನು ಸಮಾನತೆಯೆಂದು ಕರೆಯುವುದು ಆತ್ಮವಂಚನೆಯಲ್ಲದೆ ಮತ್ತೇನು?

‘ಹೆಣ್ಣುಮಕ್ಕಳಿಗೆ ಹಣದ ವ್ಯವಹಾರ ತಿಳಿಯದು’ ಎಂಬ ಸಿದ್ಧ ಉತ್ತರ ನಮ್ಮಲ್ಲಿದೆ. ಹಾಗೆನ್ನುವವರು 2016ರ ಏಪ್ರಿಲ್ ತಿಂಗಳನ್ನು ನೆನೆಯಲಿ. ಭವಿಷ್ಯನಿಧಿಯಲ್ಲಿ ಮಾಲೀಕನ ಪಾಲಿನ ಹಣವನ್ನು 58 ವರ್ಷ ತುಂಬುವವರೆಗೆ ತೆಗೆಯಕೂಡದೆಂಬ ನಿಯಮವನ್ನು ಕೇಂದ್ರ ಸರ್ಕಾರ ಹೊರಡಿಸಿದಾಗ, ಬೆಂಗಳೂರಿನ ಸಿದ್ಧ ಉಡುಪು ಕಾರ್ಖಾನೆಗಳ ಸಾವಿರಾರು ಹೆಣ್ಣುಮಕ್ಕಳು ಬೀದಿಗಿಳಿದರು. ಆಗ ಕೆಲವೆಡೆ ನಡೆದ ಹಿಂಸೆಯನ್ನು ಸಮರ್ಥಿಸಬೇಕಾಗಿಲ್ಲ. ಆದರೆ ಏಪ್ರಿಲ್ 19ರಂದು ಸರ್ಕಾರ ಆ ನಿಯಮವನ್ನು ಹಿಂತೆಗೆದುಕೊಂಡಿತೆಂಬುದು ಇತಿಹಾಸ. ಹೊಲಿಗೆಯಂತ್ರದ ಮುಂದೆ ಕುಳಿತವಳಿಗೆ ತನ್ನ ಹಣ ಎಲ್ಲಿದೆ, ಅದನ್ನು ಯಾರು ತಡೆಹಿಡಿಯುತ್ತಿದ್ದಾರೆ ಎಂಬುದು ಸ್ಪಷ್ಟವಾಗಿ ತಿಳಿದಿತ್ತು. ತಿಳಿಯದವಳು ಹೆಣ್ಣಲ್ಲ, ತಿಳಿಯಗೊಡದವರು ನಾವು.

ಇನ್ನು ಕೆಲವರು ಧರ್ಮದ ಮಾತನ್ನೇ ಅಡ್ಡ ತರುತ್ತಾರೆ: ‘ಶರಣರು ಸಂಗ್ರಹವನ್ನು ನಿಷೇಧಿಸಿದರು, ಹೆಣ್ಣಿಗೆ ಲೆಕ್ಕಾಚಾರ ಕಲಿಸಿದರೆ ಲೋಭ ಬೆಳೆದೀತು’ ಎಂದು. ಇವರು ಆಯ್ದಕ್ಕಿ ಲಕ್ಕಮ್ಮನನ್ನು ಅರಿಯರು. ಪತಿ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಹೆಚ್ಚಿನದನ್ನು ಹಿಂದಿರುಗಿಸಿ ಬರುವಂತೆ ಹೇಳಿದವಳು ಆಕೆ. ಎಷ್ಟು ಬೇಕು, ಎಷ್ಟು ಬಂದಿದೆ ಎಂದು ಅಳೆದು ನೋಡದೆ ಆ ಮಾತನ್ನು ಆಡಲು ಸಾಧ್ಯವಿತ್ತೆ? ಆ ಮನೆಯ ಅಳತೆ ಲಕ್ಕಮ್ಮನ ಕೈಯಲ್ಲಿತ್ತು; ಅದಕ್ಕೆಂದೇ ಅಲ್ಲಿ ಲೋಭಕ್ಕೆ ಎಡೆಯಿರಲಿಲ್ಲ. ಇನ್ನು ದಾಸೋಹ. ತನ್ನ ವಶದಲ್ಲಿಲ್ಲದುದನ್ನು ಯಾರು ತಾನೆ ದಾಸೋಹ ಮಾಡಬಲ್ಲರು? ಗಳಿಕೆಯನ್ನು ಕಸಿದುಕೊಂಡವರು ಅವಳ ದಾಸೋಹದ ಹಕ್ಕನ್ನೂ ಕಸಿದುಕೊಂಡರೆಂದೇ ಅರ್ಥ.

ಕಾನೂನಾದರೂ ಏನು ಹೇಳುತ್ತದೆ? ಹಿಂದೂ ಉತ್ತರಾಧಿಕಾರ ಅಧಿನಿಯಮ 1956ರದು. ವೀರಶೈವ, ಲಿಂಗಾಯತರೆಂದು ಹೆಸರಿಸಿಯೇ ಅದು ನಮಗೆ ಅನ್ವಯಿಸುತ್ತದೆ. ಅದರ 14ನೆಯ ಪ್ರಕರಣದಂತೆ, ಸ್ತ್ರೀ ತನ್ನ ಸ್ವಂತ ಕುಶಲತೆಯಿಂದಾಗಲಿ ಪರಿಶ್ರಮದಿಂದಾಗಲಿ ಗಳಿಸಿದ ಸ್ವತ್ತಿಗೆ ಅವಳೇ ಪೂರ್ಣ ಒಡತಿ. ಆದರೆ ಕಾಗದದ ಮೇಲಿನ ಒಡೆತನ ಅರಿವಿಲ್ಲದವರ ಕೈಯಲ್ಲಿ ಉಳಿಯುವುದಿಲ್ಲ.

ಆದುದರಿಂದ ದುಡಿಯುವ ಪ್ರತಿಯೊಬ್ಬ ಸೋದರಿಯೂ ಕೆಲವು ಸಂಗತಿಗಳನ್ನು ಖಚಿತವಾಗಿ ಅರಿತಿರಬೇಕು. ಭವಿಷ್ಯನಿಧಿಗೆ ಸಾಮಾನ್ಯವಾಗಿ ವೇತನದ ಶೇಕಡಾ 12ರಷ್ಟು ಅವಳಿಂದ ಕಡಿತವಾಗುತ್ತದೆ. ಮಾಲೀಕನೂ ಅಷ್ಟನ್ನೇ ಕೊಡಬೇಕು, ಅದರಲ್ಲಿ ಶೇಕಡಾ 8.33 ಪಿಂಚಣಿ ನಿಧಿಗೆ ಸಲ್ಲುತ್ತದೆ. ವೇತನದ ಚೀಟಿಯಲ್ಲಿ ಕಡಿತವಾದುದು ಖಾತೆಗೆ ಜಮೆಯಾಯಿತೆ ಎಂದು ನೋಡುವ ಹಕ್ಕು ಅವಳದು. ‘ನೂರಕ್ಕೆ ಮೂರು’ ಎಂದು ಕೈಗಡ ಕೊಡುವವನ ಬಡ್ಡಿ ತಿಂಗಳಿಗೆ. ವರ್ಷಕ್ಕೆ ಅದು ಶೇಕಡಾ 36. ಹತ್ತು ಸಾವಿರ ತಂದವಳು ವರ್ಷದಲ್ಲಿ 3,600 ರೂಪಾಯಿ ಬಡ್ಡಿ ತೆತ್ತರೂ ಅಸಲು ಹಾಗೆಯೇ ಉಳಿದಿರುತ್ತದೆ. ಬಂಧುಗಳ ಸಾಲಕ್ಕೆ ಜಾಮೀನು ನಿಲ್ಲುವ ಮುನ್ನ ತಿಳಿದಿರಲಿ: 1872ರ ಕರಾರು ಅಧಿನಿಯಮದ ಪ್ರಕಾರ, ಬೇರೆ ಷರತ್ತಿಲ್ಲದಿದ್ದರೆ, ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ. ‘ಬರೀ ಒಂದು ಸಹಿ’ ಎಂಬುದು ಜಗತ್ತಿನಲ್ಲಿಲ್ಲ. ಬ್ಯಾಂಕೊಂದು ಮುಳುಗಿದರೆ ಅಲ್ಲಿಯ ಪ್ರತಿ ಠೇವಣಿದಾರರಿಗೆ, ಬಡ್ಡಿ ಸಹಿತ, 2020ರಲ್ಲಿ ಏರಿಸಲಾದ ಮಿತಿಯಂತೆ 5 ಲಕ್ಷ ರೂಪಾಯಿವರೆಗೆ ವಿಮೆಯ ರಕ್ಷಣೆಯಿದೆ. ಆದರೆ ಓಣಿಓಣಿಗಳಲ್ಲಿರುವ ಪತ್ತಿನ ಸಹಕಾರ ಸಂಘಗಳ ಠೇವಣಿಗೆ ಅದು ಅನ್ವಯಿಸದು. ಅಧ್ಯಕ್ಷರು ನಮ್ಮವರೆಂಬ ವಿಶ್ವಾಸ ವಿಮೆಯಲ್ಲ.

ಇಷ್ಟನ್ನು ಕಲಿಸಲು ಮಹಾವಿದ್ಯಾಲಯಗಳೇ ಬೇಕಾಗಿಲ್ಲ. ಮಠಗಳ ಬಳಿ ಸಭಾಮಂಟಪವಿದೆ, ಶಾಲೆಯಿದೆ, ಅಕ್ಕನ ಬಳಗಗಳಿವೆ. ಶ್ರಾವಣ ಮಾಸದ ಪ್ರವಚನದ ಒಂದು ಸಂಜೆಯನ್ನು ಬ್ಯಾಂಕಿನ ನಿವೃತ್ತ ನೌಕರರೊಬ್ಬರಿಗೆ ಬಿಟ್ಟುಕೊಡಬಾರದೇಕೆ? ಮದುವೆಯ ಮಾತುಕತೆಯಲ್ಲಿ ‘ಹುಡುಗಿಗೆ ಸಂಬಳವೆಷ್ಟು?’ ಎಂದು ಕೇಳಲು ನಾಚದ ಹಿರಿಯರು, ‘ಅದನ್ನು ಅವಳೇ ನೋಡಿಕೊಳ್ಳುವಳಷ್ಟೆ?’ ಎಂದು ಕೇಳಲು ನಾಚುವುದೇಕೆ?

ಮನೆಯ ಖರ್ಚಿಗೆ ಅವಳು ಕೊಡಬೇಡವೆಂದಲ್ಲ. ಕೊಡಲಿ, ಗಂಡನೂ ಕೊಡಲಿ, ಇಬ್ಬರೂ ಕುಳಿತು ಒಂದೇ ಪುಸ್ತಕದಲ್ಲಿ ಲೆಕ್ಕ ಬರೆಯಲಿ. ಮುಚ್ಚಿಡದ ಲೆಕ್ಕದಿಂದ ಸಂಸಾರ ಒಡೆಯದು. ಸೋದರಿಯರೇ, ನಿಮ್ಮ ಹೆಸರಿನ ಪುಸ್ತಕ ನಿಮ್ಮ ಪೆಟ್ಟಿಗೆಯಲ್ಲಿರಲಿ, ಅದರ ಮೇಲಿನ ಅಂಕಿ ನಿಮ್ಮ ಬಾಯಲ್ಲಿರಲಿ. ಸೋದರರೇ, ಮುಂದಿನ ಜಯಂತಿಯ ವೇದಿಕೆ ಏರುವ ಮುನ್ನ, ಜೇಬಿನಲ್ಲಿರುವ ಆ ಕಾರ್ಡನ್ನು ಒಡತಿಗೆ ಒಪ್ಪಿಸಿ ಬನ್ನಿ. ಶರಣು ಶರಣಾರ್ಥಿ.